ಚಿಕ್ಕನಾಯಕನಹಳ್ಳಿಯಲ್ಲಿ ಎಷ್ಟು ಅಕ್ಷರ: ಎಲಿಕ್ಸಿರ್ ಭಾಷೆಯ ಸ್ಟ್ರಿಂಗ್‌ಗಳನ್ನು ಬಳಸಿ ನೋಡಿದ ಮೇಲೆ

ತುಮಕೂರಿನ ಅಶೋಕ ರಸ್ತೆಯ ಆಸುಪಾಸಿನ ಒಂದು ಮುದ್ರಣಾಲಯದ ಮೇಲ್ಮಹಡಿಯಲ್ಲಿ ಎರಡು ಕಂಪ್ಯೂಟರುಗಳ ನನ್ನ ಕಚೇರಿಯಿದೆ. ಕೆಳಗೆ ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳು ಅಚ್ಚಾಗುತ್ತವೆ. ಮುದ್ರಣಾಲಯಕ್ಕೆ ಬರುವ ಪಟ್ಟಿಯ ಕೆಲಸಗಳನ್ನು, ಅಂದರೆ ಸಹಕಾರ ಸಂಘಗಳ ಸದಸ್ಯರ ಹೆಸರು, ವಿಳಾಸ, ಗುರುತಿನ ಚೀಟಿ, ಸರ್ವಸದಸ್ಯರ ಸಭೆಯ ನೋಟಿಸಿಗೆ ಅಂಟಿಸುವ ವಿಳಾಸ ಚೀಟಿ ಇಂಥವನ್ನು, ಮೇಲೆ ಕುಳಿತು ನಾನು ಅಚ್ಚಿಗೆ ಸಿದ್ಧಮಾಡಿ ಕೊಡುತ್ತೇನೆ. ಜಿಲ್ಲೆಯ ಹತ್ತೂ ತಾಲ್ಲೂಕುಗಳ ಹೆಸರುಗಳು ಈ ಪಟ್ಟಿಗಳಲ್ಲಿ ಬರುತ್ತವೆ. ಒಂದೇ ಸಂಘದ ಪಟ್ಟಿ ಮೂರು ಕಡೆಯಿಂದ, ಮೂರು ಬಗೆಯ ಕಾಗುಣಿತದಲ್ಲಿ ಬರುವುದೂ ಉಂಟು. ಈ ಕೆಲಸಕ್ಕೆಂದು ಕಳೆದ ಕೆಲವು ತಿಂಗಳಿನಿಂದ ನಾನು ಬಳಸುತ್ತಿರುವುದು ಎಲಿಕ್ಸಿರ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. ಆ ಭಾಷೆಯಿಂದ ಜಾಲತಾಣ ಕಟ್ಟುವುದು, ಏಕಕಾಲಕ್ಕೆ ಸಾವಿರಾರು ಸಂಪರ್ಕಗಳನ್ನು ನಿಭಾಯಿಸುವುದು ಮುಂತಾದ ದೊಡ್ಡ ಸಂಗತಿಗಳ ಗೋಜಿಗೆ ಹೋಗದೆ, ಕನ್ನಡ ಪಠ್ಯವನ್ನು, ಪ್ರೋಗ್ರಾಮ್ ಬರೆಯುವವರ ಮಾತಿನಲ್ಲಿ ಹೇಳುವುದಾದರೆ ‘ಸ್ಟ್ರಿಂಗ್’ಗಳನ್ನು, ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದಷ್ಟನ್ನೇ ಇಲ್ಲಿ ಪರಿಶೀಲಿಸುತ್ತೇನೆ.

ಮೊದಲು ಉತ್ಪನ್ನದ ಪರಿಚಯ. ಎಲಿಕ್ಸಿರ್ ಭಾಷೆಯನ್ನು ರೂಪಿಸಿದವರು ಬ್ರೆಜಿಲ್ ದೇಶದ ಜೋಸೆ ವಲೀಮ್, ಅದರ 1.0 ಆವೃತ್ತಿ ಹೊರಬಂದದ್ದು 2014ರಲ್ಲಿ. ಅದು ಓಡುವುದು ಎರ್ಲಾಂಗ್ ಭಾಷೆಗಾಗಿ ಕಟ್ಟಿದ ಬೀಮ್ ಎಂಬ ವರ್ಚುವಲ್ ಯಂತ್ರದ, ಅಂದರೆ ಪ್ರೋಗ್ರಾಮುಗಳನ್ನು ಓಡಿಸುವ ತಂತ್ರಾಂಶದ, ಮೇಲೆ. ಎರ್ಲಾಂಗ್ 1986ರಲ್ಲಿ ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳ ಕೆಲಸಕ್ಕೆಂದು ಹುಟ್ಟಿ, 1998ರಲ್ಲಿ ಮುಕ್ತ ತಂತ್ರಾಂಶವಾಯಿತು. ಎಲಿಕ್ಸಿರ್ ಕೂಡ ಅಪಾಚೆ 2.0 ಪರವಾನಗಿಯಡಿ ಉಚಿತವಾಗಿ ಸಿಗುವುದರಿಂದ ನನಗೆ ತಗುಲಿದ ಖರ್ಚು ಸಮಯವೊಂದೇ. ವಿಂಡೋಸ್ ಯಂತ್ರದಲ್ಲಿ ಮೊದಲು ಎರ್ಲಾಂಗ್, ಅದರ ಮೇಲೆ ಎಲಿಕ್ಸಿರ್ ಹಾಕಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸ.

ನಾನು ಇದಕ್ಕೆ ಬಂದದ್ದು ನೇರವಾಗಿ ಅಲ್ಲ. ಕಾಲೇಜಿನಲ್ಲಿ ಕಲಿತಿದ್ದ ಹ್ಯಾಸ್ಕೆಲ್ ಭಾಷೆಯಲ್ಲಿಯೇ ಮೊದಲ ಪ್ರಯತ್ನ ನಡೆಯಿತು. ಹ್ಯಾಸ್ಕೆಲ್‌ನಲ್ಲಿ ಸ್ಟ್ರಿಂಗ್ ಎಂದರೆ ಅಕ್ಷರಗಳ ಒಂದು ಲಿಸ್ಟ್, ಒಂದರ ಬೆನ್ನಿಗೊಂದು ಕೊಂಡಿ ಹಾಕಿದ ಸರಪಣಿ. ಪಾಠ ಮಾಡಲು ಇದಕ್ಕಿಂತ ಸೊಗಸಾದ ರಚನೆ ಇಲ್ಲ. ಲಿಸ್ಟಿಗೆಂದು ಬರೆದ ಫಂಕ್ಷನ್ನುಗಳೆಲ್ಲ, ಅಂದರೆ ಒಂದೊಂದು ಕೆಲಸ ಮಾಡಿಕೊಡುವ ಪ್ರೋಗ್ರಾಮಿನ ತುಣುಕುಗಳೆಲ್ಲ, ಸ್ಟ್ರಿಂಗಿಗೂ ಸಲ್ಲುತ್ತವೆ. ಆದರೆ 64 ಬಿಟ್ಟಿನ ಯಂತ್ರದಲ್ಲಿ ಸರಪಣಿಯ ಒಂದೊಂದು ಕೊಂಡಿಗೆ 24 ಬೈಟ್, ಅದು ತೋರಿಸುವ ಕನ್ನಡ ಸಂಕೇತಕ್ಕೆ ಇನ್ನೂ 16 ಬೈಟ್ ಹೋಗುವುದರಿಂದ, ಯುಟಿಎಫ್-8 (ಅಕ್ಷರ ಸಂಕೇತಗಳನ್ನು ಬೈಟುಗಳಾಗಿ ಇಡುವ ಒಂದು ಪದ್ಧತಿ) ರೂಪದಲ್ಲಿ 45 ಬೈಟ್ ಹಿಡಿಯುವ ‘ಚಿಕ್ಕನಾಯಕನಹಳ್ಳಿ’ ಎಂಬ ಪದ ಅಲ್ಲಿ ಸುಮಾರು 600 ಬೈಟ್ ಆಕ್ರಮಿಸುತ್ತದೆ. ಇದಕ್ಕೆ ಪರಿಹಾರವಾಗಿ ‘ಟೆಕ್ಸ್ಟ್’ ಎಂಬ ಪ್ಯಾಕೇಜ್ ಇದೆ. 2021ರಲ್ಲಿ ಬಂದ ಅದರ 2.0 ಆವೃತ್ತಿ ಒಳಗಿನ ಸಂಗ್ರಹವನ್ನು ಯುಟಿಎಫ್-16ರಿಂದ ಯುಟಿಎಫ್-8ಕ್ಕೆ ಬದಲಾಯಿಸಿಕೊಂಡಿತು. ಜಾಗದ ಸಮಸ್ಯೆ ಅಲ್ಲಿಗೆ ತೀರಿತು.

ನನ್ನನ್ನು ಹ್ಯಾಸ್ಕೆಲ್‌ನಿಂದ ಎಬ್ಬಿಸಿ ಕಳುಹಿಸಿದ್ದು ಬೇರೆ ಸಂಗತಿ. ಹೆಸರುಗಳ ನಡುವೆ ಸೇರಿಕೊಂಡಿದ್ದ ಅಡ್ಡಗೆರೆ, ಚುಕ್ಕೆ, ಅಂಕಿಗಳನ್ನು ತೆಗೆಯಲೆಂದು ‘ಇದು ಅಕ್ಷರವೇ’ ಎಂದು ಕೇಳುವ ಸಿದ್ಧ ಫಂಕ್ಷನ್ನನ್ನು ಜರಡಿಯಾಗಿ ಇಟ್ಟು ಪಟ್ಟಿಯನ್ನು ಸೋಸಿದೆ. ಹೊರಬಂದ ಪಟ್ಟಿಯಲ್ಲಿ ‘ತುಮಕೂರು’ ಎಂಬುದು ‘ತಮಕರ’ ಆಗಿತ್ತು. ‘ಚಿಕ್ಕನಾಯಕನಹಳ್ಳಿ’ಯು ‘ಚಕಕನಯಕನಹಳಳ’ ಆಗಿತ್ತು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಮಾನದಂಡದ ಲೆಕ್ಕದಲ್ಲಿ ಗುಡಿಸು, ಕೊಂಬು, ಹಲಂತಗಳು ‘ಅಕ್ಷರ’ ವರ್ಗಕ್ಕೆ ಸೇರದೆ ‘ಚಿಹ್ನೆ’ ವರ್ಗಕ್ಕೆ ಸೇರುತ್ತವೆ, ಆ ಫಂಕ್ಷನ್ ತನ್ನ ವ್ಯಾಖ್ಯೆಗೆ ನಿಷ್ಠವಾಗಿಯೇ ಅವನ್ನು ಹೊರಗೆಸೆದಿತ್ತು. ತಪ್ಪು ನನ್ನದೇ, ಚಿಹ್ನೆಗಳನ್ನೂ ಜರಡಿಯಲ್ಲಿ ಉಳಿಸಿಕೊಳ್ಳಬೇಕಿತ್ತು. ಆದರೂ ಕಾಗುಣಿತವೆಲ್ಲ ಕಳಚಿಬಿದ್ದ ಆ ಪಟ್ಟಿಯನ್ನು ಕಂಡ ಮೇಲೆ, ಕನ್ನಡದ ‘ಅಕ್ಷರ’ವೆಂಬ ಕಲ್ಪನೆಗೆ ಇನ್ನೂ ಸ್ವಲ್ಪ ಹತ್ತಿರ ನಿಂತಿರುವ ಭಾಷೆ ಇದೆಯೇ ಎಂದು ಹುಡುಕತೊಡಗಿದೆ. ಎಲಿಕ್ಸಿರ್‌ನಲ್ಲಿಯೂ ಅಕ್ಷರಗಳ ಮಾದರಿಯನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದು ಬರೀ ಅಕ್ಷರ ವರ್ಗವನ್ನು ಕೇಳಿದರೆ ಇದೇ ಗುಂಡಿಗೆ ಬೀಳುತ್ತೇವೆ ಎಂಬುದನ್ನು ನ್ಯಾಯಕ್ಕಾಗಿ ಹೇಳಿಬಿಡುತ್ತೇನೆ.

ಎಲಿಕ್ಸಿರ್‌ನ ಸ್ಟ್ರಿಂಗ್ ಯುಟಿಎಫ್-8 ಬೈಟುಗಳ ಒಂದು ಅಖಂಡ ಸಾಲು, ಅಷ್ಟೆ. ಎಷ್ಟು ಉದ್ದ ಎಂದು ಅದನ್ನು ಕೇಳುವ ಬಗೆ ಮಾತ್ರ ಮೂರು. ‘ಬೈಟ್ ಸೈಜ್’ ಎಂದು ಕೇಳಿದರೆ ‘ಚಿಕ್ಕನಾಯಕನಹಳ್ಳಿ’ಗೆ 45 ಎನ್ನುತ್ತದೆ. ‘ಕೋಡ್‌ಪಾಯಿಂಟ್ಸ್’ ಎಂದು ಬಿಡಿಸಿದರೆ ಒಂದೊಂದು ಯೂನಿಕೋಡ್ ಸಂಕೇತಕ್ಕೆ ಒಂದರಂತೆ 15 ತುಣುಕು ಕೊಡುತ್ತದೆ. ‘ಲೆಂತ್’ ಎಂದು ಕೇಳಿದರೆ 10 ಎನ್ನುತ್ತದೆ. ಅದು ಎಣಿಸುವುದು ಗ್ರಾಫೀಮ್‌ಗಳನ್ನು, ಅಂದರೆ ವ್ಯಂಜನವೂ ಅದಕ್ಕೆ ಅಂಟಿದ ಗುಣಿತ ಚಿಹ್ನೆಯೂ ಸೇರಿದ ತುಣುಕುಗಳನ್ನು. ಹ್ಯಾಸ್ಕೆಲ್‌ನಲ್ಲಿ ‘ತುಮಕೂರು’ ಎಂಬುದನ್ನು ಹಿಂದುಮುಂದಾಗಿಸಿದರೆ ಮೊದಲಿಗೇ ಒಂದು ಒಂಟಿ ಕೊಂಬು ಬಂದು ಕುಳಿತುಕೊಳ್ಳುತ್ತದೆ. ಎಲಿಕ್ಸಿರ್ ಅದನ್ನೇ ‘ರುಕೂಮತು’ ಎಂದು ಚೊಕ್ಕವಾಗಿ ತಿರುಗಿಸುತ್ತದೆ. ತಿರುಗಿಸಿದ ಹೆಸರು ಯಾರಿಗೂ ಬೇಕಿಲ್ಲ. ಆದರೆ ಎಡದಿಂದ ಇಷ್ಟು ಅಕ್ಷರ ಕೊಡು, ಮೊದಲ ಅಕ್ಷರ ಯಾವುದು ಹೇಳು ಎಂದು ದಿನವೂ ಕೇಳಬೇಕಾಗುವ ಪ್ರಶ್ನೆಗಳಿಗೆ ಇದೇ ಲೆಕ್ಕ ಅನ್ವಯಿಸುವುದರಿಂದ ಕೊಂಬು ಕೊಂಬೆಯಿಂದ ಉದುರುವುದಿಲ್ಲ.

ಕನ್ನಡ ಓದುವ ಯಾರನ್ನಾದರೂ ಕೇಳಿ ನೋಡಿ, ಚಿಕ್ಕನಾಯಕನಹಳ್ಳಿಯಲ್ಲಿ ಇರುವುದು ಎಂಟು ಅಕ್ಷರ: ಚಿ, ಕ್ಕ, ನಾ, ಯ, ಕ, ನ, ಹ, ಳ್ಳಿ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಇದರಲ್ಲಿ ಅನುಮಾನವೇ ಬರುವುದಿಲ್ಲ. ಎಲಿಕ್ಸಿರ್ ಹತ್ತು ಎನ್ನುವುದು ಏಕೆಂದರೆ ಅದು ಹಲಂತ ಚಿಹ್ನೆಯ ನಂತರ ಕತ್ತರಿಸುತ್ತದೆ. ‘ಕ್ಕ’ ಎಂಬುದು ‘ಕ್’ ಮತ್ತು ‘ಕ’ ಆಗಿ, ‘ಳ್ಳಿ’ ಎಂಬುದು ‘ಳ್’ ಮತ್ತು ‘ಳಿ’ ಆಗಿ ಒಡೆಯುತ್ತದೆ. ಇದನ್ನು ಎಲಿಕ್ಸಿರ್‌ನ ಸ್ವಂತ ದೋಷವೆನ್ನಲಾಗದು, ಅದು ಯೂನಿಕೋಡ್ ಹೇಳಿದಂತೆ ನಡೆಯುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿಯು ಭಾರತೀಯ ಲಿಪಿಗಳ ಒತ್ತಕ್ಷರವನ್ನು ಒಡೆಯದೆ ಒಂದೇ ತುಣುಕಾಗಿ ಎಣಿಸುವ ಹೊಸ ನಿಯಮವೊಂದನ್ನು ಸೇರಿಸಿತು. ಆದರೆ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಪಕ್ಕದ ಪಾವಗಡದ ಗಡಿ ದಾಟಿದರೆ ತೆಲುಗಿನ ಒತ್ತಕ್ಷರಕ್ಕೆ ಸಿಗುವ ಮರ್ಯಾದೆ ಗಡಿಯ ಈಚೆ ಕನ್ನಡದ ಒತ್ತಕ್ಷರಕ್ಕೆ ಆ ಪಟ್ಟಿಯಲ್ಲಿ ಸಿಗಲಿಲ್ಲ.

ಈ ಎರಡು ಅಕ್ಷರದ ವ್ಯತ್ಯಾಸ ನನಗೆ ಅರಿವಾದದ್ದು ಕೈಪಿಡಿ ಓದಿ ಅಲ್ಲ. ಗುರುತಿನ ಚೀಟಿಯಲ್ಲಿ ತಾಲ್ಲೂಕಿನ ಹೆಸರಿಗೆ ಒಂಬತ್ತು ಅಕ್ಷರದ ಜಾಗವೆಂದು ಗೊತ್ತುಮಾಡಿಕೊಂಡು, ಯಾವ ತಾಲ್ಲೂಕಿನ ಹೆಸರೂ ಎಂಟಕ್ಷರ ಮೀರದು ಎಂಬ ನೆಮ್ಮದಿಯಲ್ಲಿ ‘ಎಡದಿಂದ ಒಂಬತ್ತು’ ಎಂದು ಬರೆದಿದ್ದೆ. ಮೊದಲ ಹಾಳೆ ಅಚ್ಚಾದ ಮೇಲೆ ಮುದ್ರಣಾಲಯದ ಯಜಮಾನರು ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. “ಸಾರ್, ಹಳ್ಳಿ ಎಲ್ಲಿಗೆ ಹೋಯ್ತು? ಬರೀ ‘ಹಳ್’ ಅಂತ ನಿಂತ್ಕೊಂಡಿದೆ ನೋಡಿ” ಎಂದರು. ಚೀಟಿಯ ಮೇಲೆ ‘ಚಿಕ್ಕನಾಯಕನಹಳ್’ ಎಂದಿತ್ತು. ಒಂಬತ್ತನೆಯ ತುಣುಕು ‘ಳ್’, ಹತ್ತನೆಯದು ‘ಳಿ’. ಯಂತ್ರ ಹೇಳಿದ್ದನ್ನು ಮಾಡಿತ್ತು.

ಪರಿಹಾರ ಬರೆಯಲು ಹಿಡಿದದ್ದು ನಾಲ್ಕು ಸಾಲು, ಮತ್ತು ಈ ಭಾಷೆಯ ಜಾಯಮಾನ ನನಗೆ ಹಿಡಿಸಿದ್ದು ಆ ನಾಲ್ಕು ಸಾಲುಗಳಲ್ಲಿ. ಹೆಸರನ್ನು ಗ್ರಾಫೀಮ್‌ಗಳ ಲಿಸ್ಟಾಗಿ ಬಿಡಿಸಿ, ಒಂದೊಂದನ್ನೇ ತೆಗೆದುಕೊಂಡು ಹೊಸ ಲಿಸ್ಟಿನ ತಲೆಗೆ ಸೇರಿಸುತ್ತ ಹೋಗುವುದು. ಸೇರಿಸುವ ಮುನ್ನ, ಈಗಾಗಲೇ ತಲೆಯಲ್ಲಿರುವ ತುಣುಕು ಹಲಂತದಿಂದ ಮುಗಿಯುತ್ತಿದ್ದರೆ ಹೊಸದನ್ನು ಬೇರೆಯಾಗಿ ಇಡದೆ ಅದಕ್ಕೇ ಅಂಟಿಸುವುದು. ಕೊನೆಗೆ ಲಿಸ್ಟನ್ನು ತಿರುಗಿಸುವುದು. ಎಣಿಸುವ ಬೆರಳು, ಸೂಚ್ಯಂಕ, ಒಂದು ಕೂಡಿಸು ಒಂದು ಕಳೆ ಎಂಬ ಗೊಂದಲ ಯಾವುದೂ ಇಲ್ಲ. ಕ್, ಕ ಸೇರಿ ‘ಕ್ಕ’ ಆಯಿತು. ಷ್, ಟ್, ರ ಎಂಬ ಮೂರು ತುಣುಕಿನ ‘ಷ್ಟ್ರ’ ಕೂಡ ತಾನಾಗಿಯೇ ಒಂದಾಯಿತು. ‘ಬಸ್’ ಎಂಬಂತೆ ಪದದ ಕೊನೆಯಲ್ಲಿ ಬರುವ ಹಲಂತಕ್ಕೆ ಮುಂದೆ ಏನೂ ಇಲ್ಲದ್ದರಿಂದ ಅದು ತನ್ನ ಪಾಡಿಗೆ ಉಳಿಯಿತು. ಚಿಕ್ಕನಾಯಕನಹಳ್ಳಿಗೆ ಎಂಟು ಬಂತು.

ಇದೇ ನಾಲ್ಕು ಸಾಲು ಇನ್ನೊಂದು ಕಡೆ, ನಾನು ಯೋಚಿಸಿಯೇ ಇರದಿದ್ದ ರೀತಿಯಲ್ಲಿ ಸರಿಯಾಗಿ ನಡೆದುಕೊಂಡಿತು. ‘ರಾಜ್‌ಕುಮಾರ್’ ಎಂಬ ಹೆಸರನ್ನು ‘ರಾಜ್ಕುಮಾರ್’ ಎಂದು ಒತ್ತಾಗಿ ಕೂಡಿಹೋಗದ ಹಾಗೆ ಬರೆಯಬೇಕಾದರೆ ಜಕಾರದ ಹಲಂತದ ನಂತರ ಕಣ್ಣಿಗೆ ಕಾಣದ ಒಂದು ತಡೆ ಸಂಕೇತವನ್ನು ಇಡಬೇಕಾಗುತ್ತದೆ. ಆ ಸಂಕೇತ ಹಿಂದಿನ ತುಣುಕಿಗೇ ಅಂಟಿಕೊಂಡಿರುವುದರಿಂದ, ತುಣುಕು ಹಲಂತದಿಂದ ಮುಗಿಯದೆ ತಡೆಯಿಂದ ಮುಗಿಯುತ್ತದೆ. ಹೀಗಾಗಿ ನನ್ನ ಫಂಕ್ಷನ್ ಅಲ್ಲಿ ಜೋಡಿಸುವುದಿಲ್ಲ. ರಾ, ಜ್‌, ಕು, ಮಾ, ರ್ ಎಂದು ಐದು ಬರುತ್ತದೆ, ಓದುಗ ಕಾಣುವುದೂ ಹಾಗೆಯೇ.

ಆದರೆ ಆ ಕಾಣದ ಸಂಕೇತವೇ ಹೆಸರು ಹೋಲಿಸುವಾಗ ಪೀಡೆಯಾಗಿ ಬಂತು. ಒಂದು ಪಟ್ಟಿಯಲ್ಲಿ ಅದನ್ನು ಹಾಕಿದ್ದರು, ಇನ್ನೊಂದರಲ್ಲಿ ಹಾಕಿರಲಿಲ್ಲ. ಕೆಲವು ಕಡೆ ಅದರ ಅಗತ್ಯವೇ ಇಲ್ಲದ ಪದದ ಕೊನೆಯಲ್ಲಿಯೂ ಇತ್ತು. ಇಂಥ ಕಡೆ ಪರದೆಯ ಮೇಲೆ ಎರಡು ಹೆಸರೂ ಅವಳಿ ಮಕ್ಕಳಂತೆ ಕಾಣುತ್ತಿದ್ದರೂ ಯಂತ್ರ ಮಾತ್ರ ಬೇರೆ ಬೇರೆ ಎಂದು ಹಟ ಹಿಡಿಯಿತು. ಹೆಸರನ್ನು ಎಲಿಕ್ಸಿರ್‌ನ ಹಳೆಯ ಮಾದರಿಯ ‘ಚಾರ್‌ಲಿಸ್ಟ್’ ಆಗಿ ಬದಲಾಯಿಸಿದರೆ ಅದು ಬರೀ ಅಂಕಿಗಳ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಹೊಸಬರಿಗೆ ಇದು ಕಿರಿಕಿರಿ, ನನಗೆ ಅಂದು ಭೂತಗನ್ನಡಿಯಾಯಿತು. ಹಲಂತದ 3277ರ ಪಕ್ಕದಲ್ಲಿ 8204 ಎಂಬ ಸಂಖ್ಯೆ ಕುಳಿತಿತ್ತು, ಅದೇ ಆ ತಡೆ. ಆ ಸಂಕೇತವನ್ನು ಪಟ್ಟಿಯಿಂದಲೇ ಅಳಿಸಿದರೆ ಹೋಲಿಕೆ ಸರಿಯಾಗುತ್ತದೆ, ಆದರೆ ಚೀಟಿಯ ಮೇಲೆ ಜಕಾರಕ್ಕೆ ಕಕಾರದ ಒತ್ತು ಬಂದು ಹೆಸರು ವಿಕಾರವಾಗುತ್ತದೆ. ಹಾಗಾಗಿ ಹೋಲಿಕೆಗೆಂದು ಬೇರೊಂದು ಕೀಲಿಪದ ತಯಾರಿಸಿ, ಅಚ್ಚಿಗೆ ಮೂಲ ಹೆಸರನ್ನೇ ಕಳುಹಿಸುತ್ತೇನೆ. ಈ ಬಗೆಯ ಫಂಕ್ಷನಲ್ ಭಾಷೆಯಲ್ಲಿ ಯಾವ ಫಂಕ್ಷನ್ನೂ ತನಗೆ ಕೊಟ್ಟ ಸ್ಟ್ರಿಂಗನ್ನು ತಿದ್ದಲಾರದು, ತಿದ್ದಿದ ಹೊಸ ಸ್ಟ್ರಿಂಗನ್ನು ಹಿಂತಿರುಗಿಸಬಲ್ಲದು ಅಷ್ಟೆ. ಹತ್ತು ಹಂತದ ಶುದ್ಧೀಕರಣ ನಡೆದ ಮೇಲೂ ಸದಸ್ಯರು ತಾವೇ ಬರೆದುಕೊಟ್ಟ ಹೆಸರು ಮೊದಲಿನಂತೆಯೇ ಇರುತ್ತದೆ ಎಂಬ ಭರವಸೆ, ಜನರ ಹೆಸರಿನ ಮೇಲೆ ಕೈಯಾಡಿಸುವ ನನ್ನಂಥವನಿಗೆ ಈ ಭಾಷೆ ಕೊಟ್ಟ ದೊಡ್ಡ ಅನುಕೂಲ.

ಹಂತಗಳನ್ನು ಜೋಡಿಸುವ ಪೈಪ್ ಚಿಹ್ನೆಯ ಬಗೆಗೆ ಎಲ್ಲರೂ ಹೊಗಳುತ್ತಾರೆ. ಕನ್ನಡಿಗನಾಗಿ ನನಗೆ ಅದು ಇಷ್ಟವಾದದ್ದಕ್ಕೆ ಬೇರೊಂದು ಕಾರಣವಿದೆ. ಬೇರೆ ಹಲವು ಭಾಷೆಗಳಲ್ಲಿ ಕ್ರಿಯೆ ಮೊದಲು, ಕರ್ಮ ಆವರಣದೊಳಗೆ. ಒಳಗಿನಿಂದ ಹೊರಗೆ ಓದಿಕೊಳ್ಳಬೇಕು. ಪೈಪ್‌ನಲ್ಲಿ ಹೆಸರು ಮೊದಲು ಬರುತ್ತದೆ, ಆಮೇಲೆ ಒಂದೊಂದೇ ಕ್ರಿಯೆ: ಹೆಸರನ್ನು ಅಂಚು ಒರೆಸಿ, ಬಿರುದು ಕಳಚಿ, ತಂದೆಯ ಹೆಸರಿನಿಂದ ಬಿಡಿಸಿ, ಕೀಲಿಯಾಗಿಸು. ಕೃದಂತಾವ್ಯಯಗಳನ್ನು ಸಾಲಾಗಿ ಪೋಣಿಸಿ ಕೊನೆಗೊಂದು ಕ್ರಿಯಾಪದವಿಟ್ಟ ಕನ್ನಡ ವಾಕ್ಯವೇ ಅದು.

ಬಿರುದು ಕಳಚುವ ಕೆಲಸಕ್ಕೆ, ಕೊಟ್ಟದ್ದು ಯಾವ ಮಾದರಿಗೆ ಹೊಂದುತ್ತದೆಂದು ನೋಡುವ ಪ್ಯಾಟರ್ನ್ ಮ್ಯಾಚಿಂಗ್ ಬಳಸುತ್ತೇನೆ. ‘ಶ್ರೀಮತಿ’ ಎಂದು ಆರಂಭವಾಗುವ ಹೆಸರಿಗೆ ಒಂದು ಸಾಲು, ‘ಶ್ರೀ’ ಎಂದಿದ್ದರೆ ಒಂದು ಸಾಲು, ‘ಡಾ.’ ಎಂದಿದ್ದರೆ ಮತ್ತೊಂದು, ಏನೂ ಇಲ್ಲದಿದ್ದರೆ ಹೆಸರನ್ನು ಹಾಗೆಯೇ ಬಿಡುವ ಕೊನೆಯ ಸಾಲು. ಈ ಸಾಲುಗಳನ್ನು ಮೇಲಿನಿಂದ ಕೆಳಗೆ ಕ್ರಮವಾಗಿ ಪರೀಕ್ಷಿಸುವುದರಿಂದ, ನಾನೊಮ್ಮೆ ಮಾಡಿದಂತೆ ‘ಶ್ರೀ’ಯನ್ನು ಮೇಲಿಟ್ಟು, ಅದರ ನಂತರದ ಖಾಲಿ ಜಾಗವನ್ನೂ ಮರೆತರೆ, ಶ್ರೀಮತಿ ಗಂಗಮ್ಮನವರು ‘ಮತಿ ಗಂಗಮ್ಮ’ ಆಗುತ್ತಾರೆ, ಶ್ರೀನಿವಾಸಯ್ಯನವರು ‘ನಿವಾಸಯ್ಯ’ ಆಗುತ್ತಾರೆ. ಇಲ್ಲಿಯೇ ಎಲಿಕ್ಸಿರ್ ಮೇಲೆ ನನ್ನ ಒಂದು ಆಕ್ಷೇಪಣೆಯೂ ಇದೆ. ಉದ್ದವನ್ನು ಕೇಳಿದಾಗ ಗ್ರಾಫೀಮ್ ಲೆಕ್ಕ ಹೇಳುವ ಭಾಷೆ, ಆರಂಭವನ್ನು ಹೊಂದಿಸಿ ನೋಡುವಾಗ ಬೈಟುಗಳ ಲೆಕ್ಕಕ್ಕೆ ಇಳಿಯುತ್ತದೆ. ‘ಕೃಷ್ಣಪ್ಪ’ ಎಂಬ ಹೆಸರು ‘ಕ’ ಎಂದು ಆರಂಭವಾಗುತ್ತದೆಯೇ ಎಂದು ಕೇಳಿದರೆ ಹೌದು ಎನ್ನುತ್ತದೆ. ಉಳಿದದ್ದನ್ನು ಕೊಡು ಎಂದರೆ ವಟ್ರುಸುಳಿಯನ್ನು ನೆತ್ತಿಯ ಮೇಲೆ ಹೊತ್ತ ಅರ್ಧಂಬರ್ಧ ಪದವನ್ನು ಕೈಗಿಡುತ್ತದೆ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟಂತಾಯಿತು. ವೇಗಕ್ಕಾಗಿ ಹೀಗೆ ಮಾಡಿದ್ದಾರೆಂದು ಗೊತ್ತು, ಆದರೂ ಕೈಪಿಡಿಯಲ್ಲಿ ಇದನ್ನು ಇನ್ನಷ್ಟು ಎದ್ದು ಕಾಣುವಂತೆ ಹೇಳಬಹುದಿತ್ತು.

ನಮ್ಮ ಕಡೆಯ ಕಾಗದಪತ್ರಗಳಲ್ಲಿ ಬರುವ ‘ರಂಗಯ್ಯ ಬಿನ್ ಲೇಟ್ ತಿಮ್ಮಯ್ಯ’, ‘ಗಂಗಮ್ಮ ಕೋಂ ನಂಜಪ್ಪ’ ಎಂಬ ಬರವಣಿಗೆಯನ್ನು ಬಿಡಿಸುವುದು ಮಾತ್ರ ಸಲೀಸು. ‘ಸ್ಪ್ಲಿಟ್’ ಫಂಕ್ಷನ್ನಿಗೆ ಬಿನ್, ಕೋಂ ಎರಡನ್ನೂ ಲಿಸ್ಟಾಗಿ ಕೊಟ್ಟು ಎರಡೇ ಭಾಗ ಸಾಕೆಂದು ಹೇಳಿದರೆ ಆಯಿತು. ಖಾಲಿ ಜಾಗಕ್ಕೆ ಒಡೆಯುವಾಗ ಒಂದು ಸೂಕ್ಷ್ಮವಿದೆ: ಪದಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ‘ಒಡೆಯಬಾರದ ಜಾಗ’ ಬಂದರೆ ಸ್ಪ್ಲಿಟ್ ಅದನ್ನು ಗೌರವಿಸಿ ಒಡೆಯದೆ ಬಿಡುತ್ತದೆ, ಆದರೆ ಅಂಚು ಒರೆಸುವ ‘ಟ್ರಿಮ್’ ಅದನ್ನೂ ಒರೆಸಿಬಿಡುತ್ತದೆ. ವರ್ಡ್ ಕಡತಗಳಿಂದ ಬಂದ ಪಟ್ಟಿಗಳಲ್ಲಿ ಇದರ ಕಾಟ ಹೆಚ್ಚು. ಎಕ್ಸೆಲ್‌ನಿಂದ ಬಂದ ಸಿಎಸ್‌ವಿ ಕಡತದ ತಲೆಯಲ್ಲಿ ಮೂರು ಬೈಟಿನ ಒಂದು ಗುರುತು ಅವಿತಿರುತ್ತದೆ. ಕಡತ ತೆರೆಯುವಾಗಲೇ ಅದನ್ನು ಕಿತ್ತುಹಾಕುವ ಆಯ್ಕೆ ಇದೆ.

ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸದಸ್ಯರ ಭಾವಚಿತ್ರಗಳನ್ನು ತೆಗೆದ ಸ್ಟುಡಿಯೋದವರು ಪ್ರತಿ ಚಿತ್ರದ ಕಡತಕ್ಕೂ ಸದಸ್ಯರ ಹೆಸರನ್ನೇ ಕನ್ನಡದಲ್ಲಿ ಇಟ್ಟು ಕೊಟ್ಟಿದ್ದರು. ಹೆಸರು ಹೊಂದಿಸಿ ಚಿತ್ರ ಕೂರಿಸುವಾಗ ಗೌರಮ್ಮನವರ ಚಿತ್ರ ಸಿಕ್ಕಿತು, ಗೋವಿಂದಪ್ಪನವರದು ಸಿಗಲಿಲ್ಲ. ರಂಗಯ್ಯನವರದು ಸಿಕ್ಕಿತು, ಭೀಮಣ್ಣನವರದು ಇಲ್ಲ. ದೇವರಾಜು, ಕೈಲಾಸಮೂರ್ತಿ ಕೂಡ ನಾಪತ್ತೆ. ಮೂಲ ಪಟ್ಟಿಯೊಡನೆ ಹೋಲಿಸಿ ನೋಡಿದಾಗ ಗುಟ್ಟು ಬಯಲಾಯಿತು. ಯೂನಿಕೋಡ್‌ನಲ್ಲಿ ‘ಗೋ’ ಎಂಬುದನ್ನು ಗಕಾರ ಮತ್ತು ಒಂದೇ ಓಕಾರ ಚಿಹ್ನೆಯಾಗಿಯೂ ಬರೆಯಬಹುದು, ಗಕಾರದ ನಂತರ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಚಿಹ್ನೆಗಳಾಗಿ ಬಿಡಿಸಿಯೂ ಇಡಬಹುದು. ಎರಡೂ ಕಣ್ಣಿಗೆ ಒಂದೇ. ಈ, ಏ, ಐ, ಒ, ಓ ಗುಣಿತಗಳಿಗೆ ಇಂಥ ಎರಡು ರೂಪಗಳಿವೆ, ಔಕಾರಕ್ಕೆ ಇಲ್ಲ, ಅದರಿಂದಲೇ ಗೌರಮ್ಮನವರು ಪಾರಾದರು. ಸ್ಟುಡಿಯೋದವರದು ಹಳೆಯ ಮ್ಯಾಕ್ ಕಂಪ್ಯೂಟರ್. ಅದರ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಟ್ಟುಕೊಳ್ಳುತ್ತದೆ. ಎರಡು ರೂಪಗಳನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಒಂದು ಹಂತವನ್ನು ಪೈಪಿಗೆ ಸೇರಿಸಿದೆ, ಎಲ್ಲ ಚಿತ್ರಗಳೂ ತಮ್ಮ ತಮ್ಮ ಒಡೆಯರನ್ನು ಹುಡುಕಿಕೊಂಡವು. ಈ ಫಂಕ್ಷನ್ ಭಾಷೆಯೊಡನೆಯೇ ಬರುತ್ತದೆ, ಎರಡು ಸ್ಟ್ರಿಂಗುಗಳು ಈ ಅರ್ಥದಲ್ಲಿ ಸಮವೇ ಎಂದು ಕೇಳುವ ಇನ್ನೊಂದು ಫಂಕ್ಷನ್ ಕೂಡ ಇದೆ. ಯಾವ ಹೊರಗಿನ ಲೈಬ್ರರಿಯೂ ಬೇಡ.

ಹೋಲುವ ಹೆಸರುಗಳನ್ನು ಪತ್ತೆಮಾಡಲು ‘ಜಾರೊ ಡಿಸ್ಟೆನ್ಸ್’ ಎಂಬ ಫಂಕ್ಷನ್ನನ್ನೂ ಕೊಟ್ಟಿದ್ದಾರೆ. ಸೊನ್ನೆಯಿಂದ ಒಂದರವರೆಗೆ ಅಂಕ ಹಾಕುತ್ತದೆ. ‘ಸಿದ್ದಗಂಗಯ್ಯ’, ‘ಸಿದ್ಧಗಂಗಯ್ಯ’ ಎಂಬ ಎರಡು ಕಾಗುಣಿತಗಳಿಗೆ ಸುಮಾರು 0.90 ಬರುತ್ತದೆ, ಸಂತೋಷ. ಆದರೆ ‘ರಾಮಣ್ಣ’, ‘ಭೀಮಣ್ಣ’ ಎಂಬ ಇಬ್ಬರು ಬೇರೆ ಬೇರೆ ವ್ಯಕ್ತಿಗಳಿಗೂ 0.83 ಬರುತ್ತದೆ. ನಮ್ಮ ಹೆಸರುಗಳ ಬಾಲವೆಲ್ಲ ಅಣ್ಣ, ಅಪ್ಪ, ಅಯ್ಯ, ಅಮ್ಮ ಆಗಿರುವಾಗ ಈ ಅಂಕವನ್ನು ನಂಬಿ ಯಾರನ್ನೂ ಪಟ್ಟಿಯಿಂದ ತೆಗೆಯಬಾರದು. ನಾನು ಅದನ್ನು ಅನುಮಾನದ ಪಟ್ಟಿ ತಯಾರಿಸಲು ಮಾತ್ರ ಬಳಸುತ್ತೇನೆ, ತೀರ್ಮಾನ ಸಂಘದ ಗುಮಾಸ್ತರದು.

ಅಕಾರಾದಿ ಜೋಡಣೆಯಲ್ಲಿ ನಾನು ತೊಂದರೆ ನಿರೀಕ್ಷಿಸಿದ್ದೆ, ಆದರೆ ಅದು ಬಹುಪಾಲು ಸುಸೂತ್ರವಾಗಿ ನಡೆಯಿತು. ಸಾಮಾನ್ಯ ‘ಸಾರ್ಟ್’ ಬೈಟುಗಳ ಕ್ರಮವನ್ನು ಅನುಸರಿಸುತ್ತದೆ. ಕನ್ನಡದ ಯೂನಿಕೋಡ್ ಕ್ರಮ ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮವೇ ಆಗಿರುವುದರಿಂದ ನಂಜಪ್ಪ ನಟರಾಜನಿಗಿಂತ ಮೊದಲು, ಕಮಲಮ್ಮ ಕಾವೇರಮ್ಮನಿಗಿಂತ ಮೊದಲು ಬಂದರು. ತಪ್ಪುವುದು ಳಕಾರದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ ಕೊನೆಯಲ್ಲಿ ಬರುವ ಳಕಾರವನ್ನು ಯೂನಿಕೋಡ್ ಲಕಾರದ ಪಕ್ಕದಲ್ಲಿ ಕೂರಿಸಿದೆ, ಹೀಗಾಗಿ ಕಾಳಪ್ಪ ಕಾಶೀನಾಥನಿಗಿಂತ ಮೊದಲು ಬಂದುಬಿಡುತ್ತಾನೆ. ಹಕಾರದ ಮುಂದಿನ ಸ್ಥಾನ ಯೂನಿಕೋಡ್ ಪಟ್ಟಿಯಲ್ಲಿ ಖಾಲಿ ಬಿದ್ದಿದೆ. ಜೋಡಣೆಯ ಕೀಲಿಯಲ್ಲಿ ಮಾತ್ರ ಪ್ರತಿ ಳಕಾರವನ್ನೂ ಆ ಖಾಲಿ ಸ್ಥಾನದ ಸಂಕೇತಕ್ಕೆ ಬದಲಿಸಿ ಜೋಡಿಸಿದೆ. ಕಳ್ಳದಾರಿ ಎನ್ನಿ, ಕೆಲಸ ಮಾಡುತ್ತದೆ.

ಕೊರತೆಗಳಲ್ಲಿ ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕನ್ನಡ ಅಂಕಿಗಳಲ್ಲಿ ಬರೆದ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಸಲು ಹೇಳಿದರೆ ಎಲಿಕ್ಸಿರ್ ದೋಷವೆಂದು ನಿಲ್ಲುತ್ತದೆ, ಹತ್ತು ಅಂಕಿಗಳ ಕೋಷ್ಟಕವನ್ನು ನಾವೇ ಬರೆದುಕೊಳ್ಳಬೇಕು. ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ; ಇದು ಟರ್ಮಿನಲ್ಲಿನ ದೋಷ, ಲೈವ್‌ಬುಕ್ ಎಂಬ ಜೊತೆ ತಂತ್ರಾಂಶ ಹಾಕಿಕೊಂಡು ಬ್ರೌಸರಿನಲ್ಲಿ ಕೆಲಸ ಮಾಡಿದರೆ ನೆಮ್ಮದಿ. ಕೈಪಿಡಿ ಅಚ್ಚುಕಟ್ಟಾಗಿದೆ, ಪ್ರತಿ ಫಂಕ್ಷನ್ನಿಗೂ ಓಡಿಸಿ ನೋಡಬಹುದಾದ ಉದಾಹರಣೆಗಳಿವೆ, ಎಲ್ಲವೂ ಇಂಗ್ಲಿಷಿನಲ್ಲಿ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸವೆಂದರೆ ನುಡಿ ತಂತ್ರಾಂಶದ ಹಳೆಯ ಕಡತಗಳ ಪರಿವರ್ತನೆ. ಯೂನಿಕೋಡ್‌ಗೆ ಮುಂಚಿನ ಆ ಕಡತಗಳಲ್ಲಿ ಕನ್ನಡವೇ ಇಲ್ಲ. ಅಕ್ಷರದ ಚೂರುಗಳಿಗೆ ಇಂಗ್ಲಿಷ್ ಸಂಕೇತಗಳ ವೇಷ ಹಾಕಿರುತ್ತದೆ, ‘ಕ’ ಎಂಬುದು ದೊಡ್ಡಕ್ಷರದ ಪಿ ಮತ್ತು ತಲೆಯ ಮೇಲೆ ಗೀಟು ಹೊತ್ತ ಎ ಎಂಬ ಎರಡು ಚೂರಾಗಿ ಕುಳಿತಿರುತ್ತದೆ. ಟೆಲಿಫೋನ್ ಸಂಕೇತಗಳನ್ನು ಬೈಟು ಬೈಟಾಗಿ ಬಿಡಿಸಲೆಂದು ಎರ್ಲಾಂಗ್‌ನಲ್ಲಿ ಬೆಳೆದು ಬಂದ ಪ್ಯಾಟರ್ನ್ ಮ್ಯಾಚಿಂಗ್ ಇಲ್ಲಿ ಹೇಳಿಮಾಡಿಸಿದಂತೆ ಹೊಂದಿತು: ಇಂಥ ಬೈಟು ಬಂದರೆ ಇಂಥ ಅಕ್ಷರ ಎಂದು ಸಾಲು ಸಾಲಾಗಿ ಬರೆಯುತ್ತ ಹೋಗುವುದು. ಕಷ್ಟವಿರುವುದು ಅರ್ಕಾವತ್ತಿನಲ್ಲಿ. ‘ಕರ್ನಾಟಕ’ ಎಂದು ಬರೆಯುವಾಗ ನುಡಿಯಲ್ಲಿ ‘ನಾ’ ಮೊದಲು ಬಂದು ಅರ್ಕಾವತ್ತು ಆಮೇಲೆ ಬರುತ್ತದೆ, ಕೈಬರಹದಲ್ಲಿ ನಾವು ಬರೆಯುವ ಕ್ರಮವೂ ಅದೇ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅಕ್ಷರಗಳನ್ನು ಲಿಸ್ಟಿನ ತಲೆಗೆ ಸೇರಿಸುತ್ತ ಬಂದಿರುವುದರಿಂದ, ಅರ್ಕಾವತ್ತು ಎದುರಾದ ಕ್ಷಣದಲ್ಲಿ ಹಿಂದಿನ ಅಕ್ಷರ ಕೈಗೆಟಕುವಂತೆ ತಲೆಯಲ್ಲಿಯೇ ಇರುತ್ತದೆ. ಅದನ್ನು ಎತ್ತಿ, ಅದರ ಮುಂದೆ ‘ರ್’ ಇಟ್ಟು, ಮತ್ತೆ ಅಲ್ಲಿಯೇ ಇಟ್ಟರೆ ಮುಗಿಯಿತು. ಹಿಂದೆ ಬೇರೊಂದು ಭಾಷೆಯಲ್ಲಿ ಇದನ್ನೇ ಸೂಚ್ಯಂಕಗಳನ್ನು ಹಿಂದೆ ಮುಂದೆ ಓಡಿಸಿ ಬರೆದು, ಒಂದು ವಾರ ಪರದಾಡಿದ್ದೆ.

ಅಂಕ ಕೊಡಬೇಕಾದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಎರಡು ತಕ್ಕಡಿಯ ವ್ಯವಹಾರಕ್ಕೆ ಮತ್ತು ಕನ್ನಡ ಅಂಕಿಗಳಿಗೆ. ಒತ್ತಕ್ಷರದ ಅಂಕವನ್ನು ಯೂನಿಕೋಡ್ ಲೆಕ್ಕಕ್ಕೆ ಬರೆದಿದ್ದೇನೆ. ನೂರಿನ್ನೂರು ಹೆಸರಿನ ಪಟ್ಟಿಗೆ ಎಕ್ಸೆಲ್ ಸಾಕು, ಅದಕ್ಕಾಗಿ ಹೊಸ ಭಾಷೆ ಕಲಿಯಬೇಕಾಗಿಲ್ಲ. ಸಾವಿರಾರು ಹೆಸರು, ನಾಲ್ಕಾರು ಮೂಲ, ಪ್ರತಿ ವರ್ಷ ಮರಳಿ ಬರುವ ಕೆಲಸ ಇದ್ದವರಿಗೆ ಕಲಿತ ಶ್ರಮ ವ್ಯರ್ಥವಾಗದು.

ಎಂಟಕ್ಷರದ ಲೆಕ್ಕ ಸರಿಯಾದ ಮೇಲೆ ಎರಡನೆಯ ಹಾಳೆಯನ್ನು ಯಜಮಾನರ ಕೈಗೆ ಕೊಟ್ಟಾಗ ಅವರು ಅದರ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರು. “ಅಕ್ಷರ ಎಣಿಸಿದ್ರೆ ಆಗಲ್ಲ ಸಾರ್, ಮಕಾರ ಯಕಾರ ಇದ್ರೆ ಅಗಲ ಜಾಸ್ತಿ, ಒತ್ತು ಇದ್ರೆ ಎತ್ತರ ಜಾಸ್ತಿ. ಚೌಕ ಮಿಲಿಮೀಟರಲ್ಲಿ ಕೊಡಿ” ಎಂದರು. ಅವರು ಹೇಳಿದ್ದು ಸರಿ, ಅಗಲ ಅಳೆಯುವುದು ಫಾಂಟಿನ ಕೆಲಸ, ಸ್ಟ್ರಿಂಗಿನದಲ್ಲ. ಈಗ ತಾಲ್ಲೂಕಿನ ಹೆಸರನ್ನು ಕತ್ತರಿಸುವ ಸಾಲನ್ನೇ ತೆಗೆದುಹಾಕಿದ್ದೇನೆ. ಚೌಕಕ್ಕೆ ಹಿಡಿಸದಿದ್ದರೆ ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಇಳಿಯುತ್ತದೆ. ಅಕ್ಷರ ಎಣಿಸುವ ನಾಲ್ಕು ಸಾಲು ನುಡಿ ಕಡತಗಳ ಪರಿವರ್ತನೆಯನ್ನು ತಾಳೆ ನೋಡಲು ಬಳಕೆಯಾಗುತ್ತಿದೆ, ಕೆಳಗಿನ ಬೀರುವಿನಲ್ಲಿ ಅಂಥ ಕಡತಗಳಿರುವ ಸಿಡಿಗಳು ಇನ್ನೂ ಎರಡು ಡಬ್ಬಿಯಷ್ಟಿವೆ.